ಲೆನ್ಸಿನ ಮೇಲಿನ ಕೆಂಪು ಗೆರೆ

೧೯೭೧ರ ಡಿಸೆಂಬರ್. ಯುದ್ಧ ಶುರುವಾಗಿತ್ತು. ಯಲಹಂಕದಲ್ಲಿ ಸ್ಟುಡಿಯೊ ಇಟ್ಟಿದ್ದ ಮಂಜೂರ್, ಹೊಸದಾಗಿ ಕೊಂಡ ಉದ್ದನೆಯ ಲೆನ್ಸನ್ನು ಪರೀಕ್ಷಿಸಲು ಜಕ್ಕೂರು ಕೆರೆ ಏರಿಯ ಮೇಲೆ ನಿಂತು ಕೊಕ್ಕರೆಗಳ ಫೋಟೊ ತೆಗೆಯುತ್ತಿದ್ದ. ವಿಮಾನದ ಮೈದಾನ ಅಲ್ಲಿಗೆ ಹತ್ತಿರವೇ. ಎಮ್ಮೆ ಮೇಯಿಸುತ್ತಿದ್ದ ಮುನಿಆಂಜಿನಪ್ಪ ಓಡಿಬಂದು ಅವನ ರಟ್ಟೆ ಹಿಡಿದ. "ಇಮಾನದ ಪಟ ಇಡೀತಾವ್ನೆ, ಬನ್ರೋ!"

ಜನ ಸೇರಿ ಅವನನ್ನು ಠಾಣೆಗೆ ಎಳೆದು ತಂದರು.

ಸಬ್ ಇನ್‌ಸ್ಪೆಕ್ಟರ್ ಬದರೀನಾಥ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಏನಯ್ಯಾ ಈ ನಂಬರುಗಳು? ಯಾರಿಗೆ ಕಳಿಸೋ ಗುಟ್ಟು?"

"ಗುಟ್ಟಲ್ಲ ಸಾರ್. ಈ ಬಳೇಲಿರೋ ನಾಲ್ಕು, ಎಂಟು, ಹದಿನಾರು ಬೆಳಕಿಗೆ. ನಂಬರು ದೊಡ್ಡದಾದಷ್ಟೂ ಒಳಗಿನ ತೂತು ಚಿಕ್ಕದಾಗುತ್ತೆ, ತಿರುಗಿಸಿ ನೋಡಿ. ಇದು ದೂರದ ಅಳತೆ. ಒಂದು ಸಾಲು ಅಡಿ, ಇನ್ನೊಂದು ಮೀಟರು. ಅಡ್ಡ ಮಲಗಿರೋ ಎಂಟು, ತುಂಬಾ ದೂರ ಇರೋದಕ್ಕೆ."

ಬದರೀನಾಥ ತಿರುಗಿಸಿದರು. ಒಳಗಿನ ತೂತು ಕಿರಿದಾಯಿತು. ಆಮೇಲೆ ಅವರ ಬೆರಳು ಒಂದು ಕೆಂಪು ಗೆರೆಯ ಮೇಲೆ ನಿಂತಿತು. ಪಕ್ಕದಲ್ಲಿ ಇಂಗ್ಲಿಷಿನ ‘ಆರ್’ ಅಕ್ಷರ. "ಇದು?"

ನಿಜ ಹೇಳಿದರೆ ಗೂಢಚಾರನೆಂಬ ಅನುಮಾನ ಇನ್ನೂ ಗಟ್ಟಿಯಾಗಬಹುದಿತ್ತು; ಮಂಜೂರ್ ಗೊತ್ತಿಲ್ಲ ಎಂದುಬಿಡಬಹುದಿತ್ತು. ಸುದ್ದಿ ಕೇಳಿ ಓಡಿಬಂದ ಹೆಂಡತಿ ನೂರ್‌ಜಹಾನ್ ಬಾಗಿಲಾಚೆ ನಿಂತಿದ್ದಳು.

"ಇನ್‌ಫ್ರಾರೆಡ್ ಅಂತ, ಕಣ್ಣಿಗೆ ಕಾಣದ ಬೆಳಕನ್ನ ಹಿಡಿಯೋ ಫಿಲ್ಮ್ ಇರುತ್ತೆ ಸಾರ್. ಅದನ್ನ ಹಾಕಿದ್ರೆ ಫೋಕಸ್ ಇಲ್ಲಿಗೆ ಸರಿಸ್ಬೇಕು. ನನ್ನ ಹತ್ರ ಆ ಫಿಲ್ಮ್ ಇಲ್ಲ."

ಬದರೀನಾಥರ ಹೆಬ್ಬೆರಳು ಕ್ಯಾಮೆರಾದ ಹಿಂಬದಿಯ ಮುಚ್ಚಳಕ್ಕೆ ಹೋಯಿತು.

"ತೆರೀಬೇಡಿ ಸಾರ್!"

ಕಾನ್‌ಸ್ಟೇಬಲ್ ಅವನ ಕಾಲರ್ ಹಿಡಿದ.

"ಬೆಳಕು ಬಿದ್ರೆ ಫಿಲ್ಮ್ ಹಾಳಾಗುತ್ತೆ. ನನಗಿರೋ ಸಾಕ್ಷಿ ಅದೊಂದೇ. ನಿಮ್ಮೆದುರಿಗೇ ತೊಳೀತೀನಿ."

ಸ್ಟುಡಿಯೊದ ಕತ್ತಲೆ ಕೋಣೆಯಲ್ಲಿ ಫಿಲ್ಮನ್ನು ಡಬ್ಬಿಗೆ ಹಾಕುವವರೆಗೂ ಬದರೀನಾಥರ ಕೈ ಮಂಜೂರನ ಭುಜದ ಮೇಲೇ ಇತ್ತು. ತೊಳೆದ ನೆಗೆಟಿವ್ ಬಲ್ಬಿನ ಮುಂದೆ ತೂಗಿತು. ಒಂದರಲ್ಲಿ ಅಗಲವಾಗಿ ಚಾಚಿದ ಎರಡು ಕಪ್ಪು ರೆಕ್ಕೆ.

"ಇದು ವಿಮಾನ ಅಲ್ವೇನಯ್ಯಾ?"

ಮಂಜೂರ್ ಭೂತಗನ್ನಡಿ ಕೊಟ್ಟ. "ನೆಗೆಟಿವ್‌ನಲ್ಲಿ ಬಿಳೀದು ಕಪ್ಪಗೆ ಕಾಣುತ್ತೆ ಸಾರ್. ಹಿಂದಕ್ಕೆ ಚಾಚಿರೋ ಕಾಲು ನೋಡಿ."

ಬದರೀನಾಥ ಬಹಳ ಹೊತ್ತು ನೋಡಿದರು. "ಕೊಕ್ಕರೆ," ಎಂದು ಭೂತಗನ್ನಡಿ ಕೆಳಗಿಟ್ಟರು. "ಲೆನ್ಸ್ ಸದ್ಯಕ್ಕೆ ಠಾಣೇಲಿರುತ್ತೆ. ಯುದ್ಧ ಮುಗಿದ ಮೇಲೆ ಬಂದು ತಗೊಂಡು ಹೋಗಿ."

ಅವರು ಹೋದ ಮೇಲೆ ಮಂಜೂರ್ ಸ್ಟುಡಿಯೊದ ಮೆಟ್ಟಿಲ ಮೇಲೆ ಕುಳಿತ.

"ಆ ಕೆಂಪು ಗೆರೆ ಗೊತ್ತಿಲ್ಲ ಅನ್ನೋಕಾಗ್ತಿರ್ಲಿಲ್ವಾ?" ಎಂದು ಠಾಣೆಯಿಂದ ಹಿಂದೆಯೇ ಬಂದಿದ್ದ ನೂರ್‌ಜಹಾನ್ ಅಳುತ್ತ ಕೇಳಿದಳು.

"ಬೇರೆ ಯಾರನ್ನಾದ್ರೂ ಕೇಳಿ ತಿಳ್ಕೊಂಡಿದ್ರೆ? ಆಮೇಲೆ ನನ್ನ ಯಾವ ಮಾತನ್ನ ನಂಬ್ತಿದ್ರು?"

ಅವಳು ಪಕ್ಕದಲ್ಲಿ ಕುಳಿತು ಅವನ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.