ಗೊತ್ತಿಲ್ಲದವರ ಕೈ

ಗಡಿಯಾರ ಮೇಡಂ ಕೊನೆಯ ಬೆಂಚಿನಲ್ಲಿ ಕೂತು, ಕೈಗಡಿಯಾರ ಬಿಚ್ಚಿ ಡೆಸ್ಕಿನ ಮೇಲಿಟ್ಟ ಕೂಡಲೇ ಇಡೀ ತರಗತಿ ಗಪ್‌ಚುಪ್ಪಾಯಿತು. ಕಾಲೇಜಿನಲ್ಲಿ ಶಿಕ್ಷಕರ ತರಬೇತಿ ವಿಭಾಗಕ್ಕೆ ಅವರು ಮುಖ್ಯಸ್ಥೆ. ಯಾರ ಪಾಠ ನೋಡಲು ಹೋದರೂ ಗಡಿಯಾರವನ್ನು ಹೀಗೆ ಎದುರಿಗಿಟ್ಟುಕೊಂಡೇ ಕೂರುತ್ತಿದ್ದುದರಿಂದ ಅಲ್ಲಿನ ವಿದ್ಯಾರ್ಥಿಗಳು ಅವರಿಗೆ ಆ ಹೆಸರು ಇಟ್ಟಿದ್ದರು. ಬೋರ್ಡಿನ ಪಕ್ಕ ಸೀಮೆಸುಣ್ಣ ಹಿಡಿದು ನಿಂತಿದ್ದ ಪುಟ್ಟಿ ಮಾತ್ರ ನಗುನಗುತ್ತಲೇ ಇದ್ದಳು. ಪದವಿಯ ಕೊನೆಯ ವರ್ಷಕ್ಕೆ ಬಂದರೂ ಮನೆಯವರಿಗೆ ಅವಳು ಪುಟ್ಟಿಯೇ; ನಮಗೂ ಪುಟ್ಟಿಯೇ ಇರಲಿ. ಇವತ್ತಿನ ಪಾಠ ಗೆದ್ದ ಹಾಗೆಯೇ ಎಂದು ಅವಳು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿಬಿಟ್ಟಿದ್ದಳು.

ಗೆಲ್ಲದೆ ಬೇರೆ ದಾರಿಯೂ ಇರಲಿಲ್ಲ. ಅವಳದು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದಿಸುವ ಕಾಲೇಜು. ಗಣಿತ ಓದಿದ್ದಳು, ಕಾವ್ಯ ಓದಿದ್ದಳು, ನಕ್ಷತ್ರಗಳ ಬಗ್ಗೆ ಓದಿದ್ದಳು, ಒಂದು ವರ್ಷ ಮಣ್ಣಿನ ಗೊಂಬೆ ಮಾಡುವುದನ್ನೂ ಕಲಿತಿದ್ದಳು. "ಇಷ್ಟೆಲ್ಲಾ ಕಲಿತು ಕೊನೆಗೆ ಏನಾಗ್ತೀಯೇ?" ಎಂದು ಹೊಲಿಗೆ ಯಂತ್ರಗಳ ರಿಪೇರಿ ಮಾಡುವ ಅಪ್ಪ ಕೇಳಿದಾಗಲೆಲ್ಲ ಅವಳ ಉತ್ತರ ಒಂದೇ: "ಟೀಚರ್." ಪದವಿ ಹೇಗೂ ಬರುತ್ತದೆ. ಆದರೆ ಟೀಚರ್ ಆಗುವುದಕ್ಕೆ ಅದರ ಜೊತೆಗೆ ಬೋಧನೆಯ ಪ್ರಮಾಣಪತ್ರವೂ ಬೇಕು. ಅದು ಸಿಗಬೇಕಾದರೆ ನಿಜವಾದ ಶಾಲೆಯಲ್ಲಿ ನಿಜವಾದ ಮಕ್ಕಳಿಗೆ ಮಾಡಿದ ಪಾಠವನ್ನು ಮೇಡಂ ಕೂತು ನೋಡಿ ಒಪ್ಪಬೇಕು. ಒಮ್ಮೆ ನೋಡಿದ್ದರು, ಒಪ್ಪಿರಲಿಲ್ಲ. "ಮಕ್ಕಳು ಬಾಯಿಯೇ ಬಿಡುವುದಿಲ್ಲ" ಎಂದು ಬರೆದು ಹೋಗಿದ್ದರು. ಇದು ಎರಡನೆಯ ಅವಕಾಶ, ಇನ್ನೊಂದಿಲ್ಲ. ಇದೂ ಕೈಕೊಟ್ಟರೆ ಒಂದು ವರ್ಷ ಮನೆಯಲ್ಲಿ ಕೂರಬೇಕು. ಇದೇ ಶಾಲೆಯಲ್ಲಿ ಅವಳಿಗಾಗಿ ಕಾಯುತ್ತಿದ್ದ ಕೆಲಸ ಬೇರೆ ಯಾರದೋ ಪಾಲಾಗುತ್ತದೆ.

ಮಕ್ಕಳ ಬಾಯಿ ಬಿಡಿಸುವ ಉಪಾಯವನ್ನು ಹೇಳಿಕೊಟ್ಟವರು ಆ ತರಗತಿಯ ಮೇಷ್ಟ್ರು. ಒಳ್ಳೆಯ ಮನುಷ್ಯ. ಅಭ್ಯಾಸಕ್ಕೆ ಬಂದ ಹುಡುಗಿ ಸಪ್ಪೆ ಮುಖ ಹಾಕಿಕೊಂಡು ಕೂತದ್ದನ್ನು ನೋಡಲಾಗದೆ ಅವರೇ ಕುರ್ಚಿ ಎಳೆದುಕೊಂಡು ಬಂದಿದ್ದರು.

"ನೋಡಮ್ಮಾ, ತಲೆ ಕೆಡಿಸ್ಕೋಬೇಡ. ಉತ್ತರ ಗೊತ್ತಿದ್ದೋರು ಬಲಗೈ ಎತ್ತಲಿ, ಗೊತ್ತಿಲ್ಲದೋರು ಎಡಗೈ ಎತ್ತಲಿ. ಹಿಂದೆ ಕೂತು ನೋಡೋರಿಗೆ ಇಡೀ ಕ್ಲಾಸೇ ಕೈ ಎತ್ತಿದ ಹಾಗಿರತ್ತೆ. ನೀನು ಬಲಗೈಯೋರನ್ನ ಮಾತ್ರ ಕೇಳು. ನಾನು ಪಾಸಾಗಿದ್ದೂ ಹೀಗೇ."

"ಇದು ಮೋಸ ಅಲ್ವಾ ಸರ್?"

"ಮೋಸ ಏನು ಬಂತು? ಮಕ್ಕಳಿಗೂ ಅವಮಾನ ಇಲ್ಲ, ನಿನಗೂ ಇಲ್ಲ."

ಮಕ್ಕಳಿಗಂತೂ ಇದು ಹಬ್ಬವಾಯಿತು. ದೊಡ್ಡವರೊಬ್ಬರು ತಮ್ಮನ್ನು ಗುಟ್ಟಿನಲ್ಲಿ ಸೇರಿಸಿಕೊಳ್ಳುವುದು ದಿನಾ ಆಗುವಂಥದ್ದಲ್ಲ. ಪುಟ್ಟಿಯೂ ಮನೆಯಲ್ಲಿ ತಯಾರಿ ನಡೆಸಿದಳು. ಮೊದಲು ತಮ್ಮನನ್ನು ಮಂಚದ ಮೇಲೆ ಕೂರಿಸಿ ಪ್ರಶ್ನೆ ಕೇಳಿದಳು. ಅವನು ಎರಡೂ ಕೈ ಎತ್ತಿ, "ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ" ಎಂದ. ಅವನ ತಲೆಗೊಂದು ಮೊಟಕಿ ಓಡಿಸಿ, ಬೀರುವಿನ ಕನ್ನಡಿಯ ಮುಂದೆ ನಿಂತಳು. ತಾನೇ ಟೀಚರ್, ಕನ್ನಡಿಯೊಳಗಿನ ಪುಟ್ಟಿಯೇ ಮಕ್ಕಳು. ಬಲಗೈ ಎತ್ತಿದರೆ ಕನ್ನಡಿಯಲ್ಲಿ ಬಲಗಡೆಯೇ ಕೈ ಏಳುತ್ತಿತ್ತು. ಬಲಗಡೆ ಎದ್ದ ಕೈಯನ್ನು ಕೇಳು, ಎಡಗಡೆ ಎದ್ದ ಕೈಯನ್ನು ಬಿಡು. ಕಣ್ಣಿಗೆ ಅದು ಅಭ್ಯಾಸವಾಗುವವರೆಗೆ ಎತ್ತಿ ಇಳಿಸಿ, ಎತ್ತಿ ಇಳಿಸಿ ಮಾಡಿದಳು.

ಈಗ ಮೇಡಂ ಪೆನ್ನು ತೆಗೆದು ತಯಾರಾದರು. ಮೇಷ್ಟ್ರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಶುರು ಮಾಡು ಎನ್ನುವಂತೆ ಕಣ್ಣಲ್ಲೇ ಹೇಳಿದರು. ಇವತ್ತಿನ ಪಾಠ ಭಿನ್ನರಾಶಿಗಳನ್ನು ಕೂಡುವುದು. ಅದಕ್ಕೆ ಮುಂಚೆ, ಹಿಂದಿನದು ಮಕ್ಕಳಿಗೆ ನೆನಪಿದೆ ಎಂದು ತೋರಿಸುವುದಕ್ಕೆ ಒಂದೆರಡು ಸುಲಭದ ಪ್ರಶ್ನೆ.

"ಮೂರನೇ ಒಂದು ಭಾಗ, ನಾಲ್ಕನೇ ಒಂದು ಭಾಗ. ಎರಡರಲ್ಲಿ ಯಾವುದು ದೊಡ್ಡದು?"

ಕೈಗಳು ಪಟಪಟನೆ ಎದ್ದವು. ಕಿಟಕಿಯ ಪಕ್ಕದಲ್ಲಿ ದಿನಾ ತೂಕಡಿಸುತ್ತಿದ್ದವನ ಕೈಯೂ ಎದ್ದಿತು. ಕೊನೆಯ ಬೆಂಚಿನಲ್ಲಿ ಮೇಡಂ ಹುಬ್ಬೇರಿಸಿ ಏನನ್ನೋ ಬರೆದುಕೊಂಡರು. ಪುಟ್ಟಿಗೆ ಕುಣಿಯುವಷ್ಟು ಖುಷಿಯಾಯಿತು. ಮುಂದಿನ ಸಾಲಿನಲ್ಲಿ, ತನಗೆ ಬಲಗಡೆ ಕಾಣುವ ಕೈಯನ್ನು ನೆಟ್ಟಗೆ ಎತ್ತಿದ್ದ ಎರಡು ಜಡೆಯ ಹುಡುಗಿಯನ್ನು ತೋರಿಸಿ, "ನೀನು ಹೇಳಮ್ಮಾ" ಎಂದಳು.

ಹುಡುಗಿ ಏಳಲಿಲ್ಲ. ಎತ್ತಿದ ಕೈಯನ್ನೊಮ್ಮೆ ನೋಡಿಕೊಂಡಳು, ಪುಟ್ಟಿಯನ್ನೊಮ್ಮೆ ನೋಡಿದಳು.

"ನೀನೇ, ಹೇಳು."

"ಟೀಚರ್, ನಾನು ಎಡಗೈ ಎತ್ತಿದ್ದೀನಿ!" ಹುಡುಗಿಯ ದನಿಯಲ್ಲಿ ಅಳುವೇ ಬಂದಿತ್ತು.

ಪಕ್ಕದವಳು ಸಹಾಯಕ್ಕೆ ಬಂದಳು. "ನಂದೂ ಎಡಗೈ ಟೀಚರ್. ನನ್ನನ್ನೂ ಕೇಳ್ಬೇಡಿ."

ಮೇಷ್ಟ್ರು ಛಾವಣಿ ನೋಡತೊಡಗಿದರು. ಮೇಡಂ ಪೆನ್ನು ನಿಂತಿತು. ಪುಟ್ಟಿಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಬೀರುವಿನ ಕನ್ನಡಿ ಕಣ್ಣ ಮುಂದೆ ಬಂತು. ಎದುರಿಗೆ ಕೂತವರ ಬಲಗೈ ತನಗೆ ಎಡಗಡೆ ಕಾಣುತ್ತದೆ. ಇಷ್ಟು ಸಣ್ಣ ವಿಷಯ! ನಾಲಿಗೆ ಕಚ್ಚಿಕೊಂಡು ಈ ಸಲ ಸರಿಯಾಗಿ ನೋಡಿದಳು.

ಬಲಗೈಗಳು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಎಡಗೈ.

ಇಷ್ಟು ದಿನ ಈ ಮಕ್ಕಳು ಕೈ ಎತ್ತದೆ ಕೂತಾಗ ನಾಚಿಕೆಗೆ ಕೂತಿದ್ದಾರೆ ಎಂದುಕೊಂಡಿದ್ದಳು. ಗೊತ್ತಿದೆ, ಹೇಳುವುದಿಲ್ಲ, ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಯಾರೂ ಇವರನ್ನು ಗೊತ್ತಿಲ್ಲದಿದ್ದರೆ ಕೈ ಎತ್ತಿ ಎಂದು ಕೇಳಿರಲಿಲ್ಲ. ಕೇಳಿದ್ದೇ ತಡ, ಎಷ್ಟು ಧೈರ್ಯವಾಗಿ ಎತ್ತಿದ್ದಾರೆ! ಅವಳಿಗೆ ನಾಚಿಕೆಯಾಯಿತು, ತನ್ನ ಮೇಲೆಯೇ ಸಿಟ್ಟೂ ಬಂತು.

ಮೊದಲ ಬೆಂಚಿನ ಚುರುಕು ಹುಡುಗ ಬಲಗೈಯನ್ನು ಭುಜದಿಂದ ಕಿತ್ತು ಬರುವಂತೆ ಬೀಸುತ್ತಿದ್ದ. ಅವನನ್ನು ಕೇಳಿದರೆ ಉತ್ತರ ಬರುತ್ತದೆ, "ಶಭಾಷ್" ಎಂದು ಮುಂದೆ ಹೋಗಬಹುದು. ನಗೆಪಾಟಲಿನ ಒಂದು ಗಳಿಗೆಯನ್ನು ಮೇಡಂ ಮನ್ನಿಸಿದರೂ ಮನ್ನಿಸಬಹುದು. ಆದರೆ ಮೂರನೇ ಒಂದು ಭಾಗ ಎಂದರೇನು ಎಂದು ತಿಳಿಯದವರ ಮುಂದೆ ಅದನ್ನು ಇನ್ನೊಂದಕ್ಕೆ ಕೂಡಿ ತೋರಿಸುವುದು ಯಾರ ಉದ್ಧಾರಕ್ಕೆ? ಪುಟ್ಟಿ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು.

"ಎಡಗೈಯೋರು ಯಾರೂ ಕೈ ಇಳಿಸ್ಬೇಡಿ. ಇವತ್ತು ನಾನು ನಿಮ್ಮನ್ನೇ ಕೇಳೋದು." ಎರಡು ಜಡೆಯವಳ ಎದುರು ಬಗ್ಗಿದಳು. "ತಪ್ಪಾದ್ರೂ ಪರವಾಗಿಲ್ಲ. ನಿನಗೆ ಯಾವುದು ದೊಡ್ಡದು ಅನ್ಸತ್ತೆ?"

"ನಾಲ್ಕನೇ ಒಂದು."

"ಯಾಕೆ?"

"ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಟೀಚರ್?" ಎಡಗೈಗಳೆಲ್ಲ ಹೌದು ಹೌದೆಂದು ತಲೆಯಾಡಿಸಿದವು.

"ಏಳಿ, ಎಲ್ಲಾ ಏಳಿ" ಎಂದಳು ಪುಟ್ಟಿ. ಒಂದೇ ಅಳತೆಯ ಎರಡು ಬೆಂಚುಗಳನ್ನು ಬೋರ್ಡಿನ ಮುಂದಕ್ಕೆ ಎಳೆಸಿದಳು. ಒಂದರ ಮೇಲೆ ಮೂವರು ಎಡಗೈಯವರು, ಇನ್ನೊಂದರ ಮೇಲೆ ನಾಲ್ವರು. ಮೂವರು ಆರಾಮವಾಗಿ ಕಾಲಾಡಿಸುತ್ತ ಕೂತರು. ನಾಲ್ವರ ಬೆಂಚಿನಲ್ಲಿ ಆಗಲೇ ತಳ್ಳಾಟ ಶುರುವಾಗಿತ್ತು.

"ಟೀಚರ್, ಇವನು ನನ್ನ ಜಾಗಕ್ಕೆ ಬರ್ತಾನೆ!"

"ಬೆಂಚು ಎರಡೂ ಒಂದೇ ಉದ್ದ ತಾನೇ? ನಿಮಗ್ಯಾಕೆ ಜಾಗ ಕಮ್ಮಿ ಬಂತು?"

"ನಾವು ನಾಲ್ಕು ಜನ ಇದ್ದೀವಲ್ಲ! ಅವರು ಮೂರೇ ಜನ."

"ಹಾಗಾದ್ರೆ ಒಬ್ಬೊಬ್ಬರ ಪಾಲು ಎಲ್ಲಿ ದೊಡ್ಡದು?"

ಎರಡು ಜಡೆಯವಳ ಬಾಯಿ ತೆರೆದುಕೊಂಡಿತು. "ಮೂರು ಜನ ಇರೋ ಕಡೆ! ಮೂರನೇ ಒಂದೇ ದೊಡ್ಡದು ಟೀಚರ್! ಹತ್ತು ಜನ ಕೂತ್ರೆ ಬಿದ್ದೇ ಹೋಗ್ತೀವಿ!" ಅಷ್ಟರಲ್ಲಿ ನಾಲ್ವರಲ್ಲಿ ತುದಿಗಿದ್ದವನು ಬಿದ್ದೂ ಬಿಟ್ಟ. ತರಗತಿ ಹೋ ಎಂದಿತು. ಮೇಡಂ ನಗಲಿಲ್ಲ, ಗಡಿಯಾರ ನೋಡಿದರು. ಪುಟ್ಟಿ ಅದನ್ನು ನೋಡಿಯೂ ನೋಡದವಳಂತೆ ಇದ್ದಳು.

ಎಡಗೈಗಳು ಒಂದೊಂದಾಗಿ ಇಳಿದವು. ಕಿಟಕಿಯ ಪಕ್ಕದವನದು ಮಾತ್ರ ಇಳಿಯಲಿಲ್ಲ.

"ಬೆಂಚಿಂದು ಗೊತ್ತಾಯ್ತು ಟೀಚರ್," ಎಂದ ಅವನು, "ಬೋರ್ಡಿಂದು ಗೊತ್ತಾಗ್ಲಿಲ್ಲ."

ಅವನನ್ನು ಬೋರ್ಡಿಗೆ ಕರೆದು ಉದ್ದದ ಗೆರೆ ಎಳೆಸಿ, ಅದೇ ಬೆಂಚು ಎಂದುಕೊಳ್ಳಲು ಹೇಳಿದಳು. ಅವನು ಪಾಲು ಮಾಡಿದ, ಒರೆಸಿದ, ಮತ್ತೆ ಮಾಡಿದ. ಪಾಲುಗಳು ಒಂದೇ ಸಮ ಇರಬೇಕು ಎಂದು ಅವನಿಗೆ ಹೊಳೆಯುವ ಹೊತ್ತಿಗೆ ಗಂಟೆ ಹೊಡೆಯಿತು. ಕೂಡುವ ಲೆಕ್ಕ ಒಂದೂ ಆಗಿರಲಿಲ್ಲ.

ವರಾಂಡದಲ್ಲಿ ಮೂವರೂ ನಿಂತರು. ಮುಂದಿನ ಪಾಠ ಮೇಷ್ಟ್ರದು, ಅದೇ ತರಗತಿಗೆ; ಆದರೂ ಅವರು ಒಳಗೆ ಹೋಗಲಾರದೆ ನಿಂತಿದ್ದರು.

"ತಪ್ಪು ನಂದು ಮೇಡಂ. ಆ ಉಪಾಯ ಹೇಳಿಕೊಟ್ಟಿದ್ದು ನಾನು," ಎಂದರು.

"ಗೊತ್ತು ಕಣಯ್ಯಾ. ನೀನೂ ನನ್ನ ಹತ್ರಾನೇ ಕಲಿತೋನಲ್ವಾ?" ಮೇಡಂ ಗಡಿಯಾರ ಕಟ್ಟಿಕೊಳ್ಳುತ್ತಿದ್ದರು. "ನಿನ್ನ ಕೊನೇ ಪಾಠದಲ್ಲೂ ಅರ್ಧಕ್ಕರ್ಧ ಎಡಗೈಗಳೇ. ಹಿಂದೆ ಕೂತೋರಿಗೆ ಚೆನ್ನಾಗಿ ಕಾಣತ್ತೆ. ನೀನು ಆ ಎಡಗೈಯೋರ ಕಡೆ ತಿರುಗಿಯೂ ನೋಡಲಿಲ್ಲ. ಗಂಟೆಗೆ ಸರಿಯಾಗಿ ಪಾಠ ಮುಗಿಸಿದೆ. ನಾನು ಪೂರ್ತಿ ಅಂಕ ಕೊಟ್ಟೆ."

ಮೇಷ್ಟ್ರು ತಲೆ ತಗ್ಗಿಸಿಕೊಂಡು ತರಗತಿಯೊಳಗೆ ಹೋದರು.

"ಕೂಡೋ ಲೆಕ್ಕ ಎಲ್ಲಮ್ಮಾ?" ಮೇಡಂ ಈಗ ಪುಟ್ಟಿಯ ಕಡೆ ತಿರುಗಿದರು.

"ಅಲ್ಲೀವರೆಗೆ ಹೋಗಲಿಲ್ಲ ಮೇಡಂ. ಹೋಗಿದ್ರೆ ನಾನೊಬ್ಬಳೇ ಹೋಗ್ತಿದ್ದೆ."

"ಪಾಠದ ಯೋಜನೆಗೆ ಸೊನ್ನೆ ಹಾಕಿದ್ದೀನಿ. ಸಮಯಕ್ಕೂ ಸೊನ್ನೆ."

"ಹಾಕಬೇಕಾದ್ದೇ," ಎಂದಳು ಪುಟ್ಟಿ.

"ಉಳಿದಿದ್ದರಲ್ಲಿ ಪಾಸಾಗಿದ್ದೀಯ. ಪ್ರಮಾಣಪತ್ರ ಬರತ್ತೆ. ನಾಳೆಯಿಂದ ನೀನು ಇಲ್ಲಿಗೆ ಬರೋದು ಬೇಕಾಗಿಲ್ಲ, ಅಭ್ಯಾಸ ಮುಗೀತು."

ಪುಟ್ಟಿಗೆ ಮೇಡಮ್ಮನ್ನು ತಬ್ಬಿಕೊಳ್ಳುವ ಹಾಗಾಯಿತು. ಅದು ಆಗದ ಮಾತು ಎಂದು ಸೆರಗಿಗೆ ಮೆತ್ತಿದ್ದ ಸೀಮೆಸುಣ್ಣದ ಪುಡಿ ಕೊಡವಿಕೊಂಡಳು. "ಪಾಠ ಮುಗಿದಿಲ್ವಲ್ಲ ಮೇಡಂ. ನಾಳೆ ಬರ್ತೀನಿ."

ಒಳಗೆ ಮೇಷ್ಟ್ರು ಬೋರ್ಡಿನ ಮೇಲೆ ಕೂಡುವ ಲೆಕ್ಕವೊಂದನ್ನು ಎಂದಿನ ದುಂಡು ಅಕ್ಷರದಲ್ಲಿ ಬರೆದು ಮುಗಿಸಿ, ಮಕ್ಕಳ ಕಡೆ ತಿರುಗಿದ್ದರು.

"ಇದು ಗೊತ್ತಿಲ್ಲದೋರು ಕೈ ಎತ್ತಿ," ಎಂದರು. "ಯಾವ ಕೈ ಆದ್ರೂ ಸರಿ."

ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಒಂದು ಎದ್ದಿತು, ಅದರ ಹಿಂದೆ ಮತ್ತೊಂದು, ಆಮೇಲೆ ಸಾಲು ಸಾಲೇ ಎದ್ದವು. ಮೇಷ್ಟ್ರು ಒಂದೊಂದು ಮುಖವನ್ನೂ ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ ಬೋರ್ಡಿನ ಕಡೆ ತಿರುಗಿ, ಡಸ್ಟರಿಗೂ ಕಾಯದೆ, ಬರೆದದ್ದನ್ನೆಲ್ಲ ಅಂಗೈಯಿಂದಲೇ ಒರೆಸಿದರು.