ಧಾರೆ ಹತ್ತುವ ಮೈಲಿಗೆ

ಒಗ್ಗರಣೆಯ ಇಂಗು ಮೆಟ್ಟಿಲವರೆಗೂ ಬಂದಿದೆ, ಹಿಂದೆ ರಿಬ್ಕಾಬಾಯಿಯ ಏದುಸಿರು, ಗಂಗೆಯ ದಡದ ಕೇದಾರ ಘಾಟಿನ ಏರು ಪುಣೆಯ ಮೊಣಕಾಲಿಗೆ ಹೊಸದು, ಬೆಳಿಗ್ಗೆ ಇದೇ ಬಾಯಿ ನನ್ನ ಪ್ರಬಂಧದ ಪರೀಕ್ಷಕರು, ಹೀಬ್ರೂ ಪ್ರೊಫೆಸರು, ಸ್ವತಃ ಯೆಹೂದ್ಯರು, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಬೆವರಿಳಿಸಿ ಕಡೆಗೆ ಡಾಕ್ಟರ್ ವೇದಾ ಅಂದರು, ಅದು ಮುಗಿಯಿತು, ಇನ್ನೊಂದು ಪರೀಕ್ಷೆ ಮಡಿಯುಟ್ಟು ಒಳಗಿದೆ, ನನ್ನ ಅತ್ತೆ ಗೋದಾಬಾಯಿ — ಯೆಹೂದ್ಯರಂದರ ಯಾರವಾ ಎಂದು ನಿನ್ನೆ ಕೇಳಿದ್ದರು, ಹೇಳಿದೆ, ಕೇಳಿಕೊಂಡು ತರಕಾರಿ ಹೆಚ್ಚುತ್ತಲೇ ಹೋದರು, ಹೋದ ವರ್ಷ ನನ್ನ ಗೈಡು ಬಂದಾಗ, ಕ್ರಿಶ್ಚಿಯನ್ ಅಂತ ತಿಳಿದು, ಹೊರಕಟ್ಟೆಯ ಮೇಲೇ ನೀರು, ಅವರಿನ್ನೂ ಚಪ್ಪಲಿ ಮೆಟ್ಟುತ್ತಿರುವಾಗಲೇ ಕೂತ ಜಾಗಕ್ಕೆ ಸಗಣಿನೀರು, ಅವರು ನೋಡಿದರು, ನೋಡಿ ನಕ್ಕರು, ಆ ನಗು — ಇವತ್ತೂ ಹಾಗಾದರೆ ಇವರ ಜೊತೆ ನಾನೂ ಎದ್ದು ಹೋಟೆಲಿಗೆ ಹೋಗಿಬಿಡುವುದು, ನಿಶ್ಚಯಿಸಿದ್ದೇನೆ, ಹೋದರೆ ಸಂಜೆ ಯಾವ ಮುಖ ಹೊತ್ತು ಬರಲಿ, ಇಷ್ಟು ವರ್ಷ ಇಬ್ಬರೂ ಎದುರುಬದುರು ಕೂತು ತರಕಾರಿ ಹೆಚ್ಚಿದ ಅಡುಗೆಮನೆಗೆ —

ಬರ್ರಿ ಒಳಗ, ಅತ್ತೆಯ ದನಿ, ಒಳಗೆಂದರೆ ಎಲ್ಲಿಯತನಕ, ಆದರೆ ಹೊಸ್ತಿಲಲ್ಲಿ ನಿಂತುಬಿಟ್ಟವರು ರಿಬ್ಕಾಬಾಯಿಯೇ, ಮರಾಠಿಯಲ್ಲಿ, ತಪ್ಪು ತಿಳಿಯಬೇಡಿ ಆಯಿ, ನಾನು ಕಂಡಲ್ಲಿ ಉಣ್ಣುವವಳಲ್ಲ, ನಮ್ಮಲ್ಲಿ ಪಾತ್ರೆಯ ನೇಮ ಬಿಗಿ, ಎರಡು ದಿನದಿಂದ ಬರೀ ಬಾಳೆಹಣ್ಣು, ಈ ಪಾತ್ರೆಗಳಲ್ಲಿ ಯಾವತ್ತಾದರೂ ಮಾಂಸ ಬೆಂದಿದೆಯೇ — ಅಯ್ಯೋ ಕೃಷ್ಣಾ, ಮಡಿಯಲ್ಲಿರುವ ಅತ್ತೆಗೆ ಈ ಮಾತೇ, ಸೊಲ್ಲಾಪುರದ ತವರು, ಒಂದಕ್ಷರ ಬಿಡದೆ ತಿಳಿದಿರುತ್ತದೆ, ನನ್ನ ಕಿವಿ ಸುಡುತ್ತಿದೆ, ಅತ್ತೆ ದಿಟ್ಟಿಸಿದರು, ಸೌಟು ಹಿಡಿದೇ ನಕ್ಕರು, ಹೊಟ್ಟೆ ಕುಣಿಯುವಂತೆ, ನಮ್ಮ ಅತ್ತಿ ಸುದ್ಧಾ ನನಗ ಇಷ್ಟು ಕೇಳಿರಲಿಲ್ಲವಾ, ಈ ಬಾಯಿ ನನಗಿಂತ ಮಡಿ ಅದಾರ ನೋಡು, ವೇದಾ, ಒಳಗ ಎಲಿ ಹಾಕು — ಒಳಗೆ, ಒಳಗೇ ಅಂದರು, ರಿಬ್ಕಾಬಾಯಿ ಬಚ್ಚಲ ಬಳಿ ಕೈ ಚಾಚಿದ್ದಾರೆ, ಅವರಲ್ಲೂ ಉಣ್ಣುವ ಮುಂಚೆ ಕೈಗೆ ನೀರು ಸುರಿಯಬೇಕು, ನಾನು ಬಾಗುವುದರೊಳಗೆ ಅತ್ತೆ ತಮ್ಮ ಮಡಿ ತಂಬಿಗೆ ಎತ್ತಿದರು, ಬಲಗೈಗೆ, ಎಡಗೈಗೆ, ಮೈ ದೂರ, ಧಾರೆಯೊಂದೇ ನಡುವೆ, ಇದನ್ನೇ ಅಲ್ಲವೇ ನಾನು ವರ್ಷಗಟ್ಟಲೆ ಓದಿದ್ದು, ಎರಡು ಸಾವಿರ ವರ್ಷದ ಹಿಂದಿನ ಜಗಳ, ಶುದ್ಧ ಪಾತ್ರೆಯಿಂದ ಅಶುದ್ಧಕ್ಕೆ ನೀರು ಸುರಿದರೆ ಮೈಲಿಗೆ ಧಾರೆ ಹಿಡಿದು ಮೇಲೇರುತ್ತದೋ ಇಲ್ಲವೋ, ಏರುತ್ತದೆ ಎನ್ನುತ್ತವೆ ಮೃತಸಮುದ್ರದ ಗುಹೆಯಲ್ಲಿ ಸಿಕ್ಕ ಹಳೆಯ ಯೆಹೂದ್ಯ ಬರಹದ ಸುರುಳಿಗಳು, ಈಗೀಗ ಎಲ್ಲರ ಕೈಗೂ ಅವುಗಳ ಚಿತ್ರ ಸಿಗುತ್ತಿದೆ, ಇಲ್ಲವೆನ್ನುತ್ತಿದ್ದರು ಫರಿಸಾಯರೆಂಬ ಯೆಹೂದ್ಯ ಪಂಥದವರು, ಯೇಸುವಿನ ಶಿಷ್ಯರೋ ಕೈಯನ್ನೇ ತೊಳೆಯದೆ ಉಂಡರೆಂದು ಬೈಸಿಕೊಂಡವರು, ನನ್ನ ಅತ್ತೆಯ ಪ್ರಕಾರ ಏರುತ್ತದೆ, ಖಂಡಿತ ಏರುತ್ತದೆ, ಪಕ್ಕದ ಮನೆಯವರಿಗೆ ಎಣ್ಣೆ ಕೊಡುವಾಗಲೂ ಧಾರೆ ಕಡಿದು ಕಡಿದು ಹನಿಸುವವರು — ಬಸ್ ಆಯಿ, ಬಸ್, ರಿಬ್ಕಾಬಾಯಿ ಸಾಕೆಂದರೂ, ಇರ್ಲಿ ತಗೋರಿ, ಗಂಗವ್ವಗೇನು ಕಡಿಮಿ, ಅತ್ತೆ ಕಡಿಯುತ್ತಿಲ್ಲ, ಗೊತ್ತಿದ್ದೂ ಕಡಿಯುತ್ತಿಲ್ಲ, ಹೋಟೆಲಿಲ್ಲ, ನಾನು ಎಲ್ಲಿಗೂ ಎದ್ದು ಹೋಗಬೇಕಿಲ್ಲ, ಎದೆ ಹಗುರ, ತಂಬಿಗೆ ಬಾಗಿಯೇ ಇದೆ, ತಂಬಿಗೆಯ ತುಟಿಯಿಂದ ಆ ಬೆರಳುಗಳ ತನಕ ಒಂದೇ ನೀರು, ಬಿಸಿಲು ಹೊಕ್ಕ ನೀರು, ಕಡಿಯದ ನೀರು