ಎರಡನೇ ಪಾಳಿಯ ಡಬ್ಬಿ

ಟಕ್ ಅನ್ನಲಿಲ್ಲ ಕೊಂಡಿ, ಮಾವನ ಹೆಬ್ಬೆರಳು ಡಬ್ಬಿಯ ಕೊಂಡಿಯ ಮೇಲೆ ಕೂತು ಸುಮ್ಮನೆ ಕೆಳಗಿಳಿಯಿತು, ಸಹನಾ ಗಡಿಯಾರ ನೋಡಿದಳು, ಏಳೂ ನಲವತ್ತೆರಡು, ಇನ್ಸುಲಿನ್ ಸೂಜಿ ಹಾಕಿದ್ದು ಏಳೂವರೆಗೆ, ಅರ್ಧ ಗಂಟೆಯೊಳಗೆ ಉಣ್ಣಲೇಬೇಕು, ಉಣ್ಣದಿದ್ದರೆ — ಉಣ್ಣದಿದ್ದರೆ ಏನಾಗುತ್ತದೆಂದು ಹೋದ ಸೋಮವಾರ ಕಂಡಿದ್ದಾಳಲ್ಲ, ಅರ್ಧ ರೊಟ್ಟಿ ಬಿಟ್ಟೆದ್ದ ಮಾವ ದ್ಯಾಮಪ್ಪ ಬಚ್ಚಲ ಬಾಗಿಲಲ್ಲೇ ಕುಸಿದದ್ದು, ಅಂಗಿಯೆಲ್ಲ ಬೆವರು, ಗಂಡ ಶಿವಲಿಂಗ ಒಸಡಿಗೆ ಬೆಲ್ಲ ಸವರುತ್ತ ಅಪ್ಪಾ ಅಪ್ಪಾ ಎಂದು ಕೂಗಿದ್ದು, ಇವತ್ತು ಬೆಲ್ಲ ಮೊದಲೇ ಅವಳ ಎಡಮುಷ್ಟಿಯಲ್ಲಿದೆ, ಅಂಗೈ ಬಿಸಿಗೆ ಅಂಟಾಗುತ್ತಿದೆ. ದಿನಾ ಅದ ರೊಟ್ಟಿ ಅದ ಪಲ್ಯ, ಗಂಟಲದಾಗ ಇಳಿಯಂಗಿಲ್ಲವಾ ತಂಗಿ, ಎಂದು ಮಾವ ಅಂದಾಗಿನಿಂದ ಸಹನಾಳದು ದಿನಕ್ಕೊಂದು ನಾಟಕ, ಒಂದು ಸಂಜೆ ಅದೇ ರೊಟ್ಟಿ ಬಳ್ಳೊಳ್ಳಿ ಖಾರ ಹಾಕಿ ಕುಟ್ಟಿ ಮುಟಗಿ, ಒಂದು ಸಂಜೆ ಬಾಳೆಲೆ, ಒಂದು ಸಂಜೆ ಹೆಗಲಿಗೆ ಟವೆಲ್ ಹಾಕಿ ಬಸ್ ಸ್ಟ್ಯಾಂಡಿನ ಖಾನಾವಳಿಯ ಮಾಣಿ ಪುಂಡಲೀಕನ ಮೂಗುದನಿ, ಏನ್ ಕೊಡ್ಲಿ ಸಾಹೇಬ್ರ, ಮುಟಗಿ ಐತಿ, ಝುಣಕ ಐತಿ, ಮಾಲಕರ ಬೈಗುಳ ಐತಿ, ಅದು ಪುಕ್ಕಟ — ಮಾವ ನಕ್ಕರು, ನಗುವಿನ ಜೊತೆ ಎರಡು ತುತ್ತು ಇಳಿದವು, ನಗು ಮುಗಿಯಿತು, ಊಟವೂ. ಇವತ್ತಿನದು ಕೊನೆಯ ಬಾಣ, ಅಟ್ಟದ ಮೇಲಿದ್ದ ಊಟದ ಡಬ್ಬಿ, ಮಾವ ಮಿಲ್ಲಿನ ಎರಡನೇ ಪಾಳಿಗೆ ಒಯ್ಯುತ್ತಿದ್ದದ್ದು, ಅತ್ತೆ ಮಾಲವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ, ನೀ ಸರಿಯವಾ, ನಾನ ಕಟ್ತೇನಿ, ನಾಲ್ಕು ಮಡಿಕೆ ರೊಟ್ಟಿ, ಎಣ್ಣೆಗಾಯಿ, ಮೊಸರಿನ ಮೇಲೆ ಶೇಂಗಾ ಚಟ್ನಿ, ಮೂವತ್ತು ವರ್ಷ ನಿಮ್ಮ ಮಾವ ಒಂದಗಳು ಉಳಿಸಿ ತಂದಾವರಲ್ಲ ತಿಳಿ, ಸಹನಾ ಅಡುಗೆಮನೆಯಿಂದ ಮಿಲ್ಲಿನ ಸೈರನ್ನನ್ನೂ ಊದಿದ್ದಳು ಬಾಯಲ್ಲೇ, ಮಾವ ಚಾಪೆಯ ಮೇಲೆ ನೆಟ್ಟಗೆ ಕೂತು, ಹಳೇ ಡಬ್ಬಿ ನೋಡಿ ಕಣ್ಣರಳಿಸಿ — ಎದುರಿನ ಖಾಲಿ ಜಾಗಕ್ಕೆ ಅದನ್ನು ಸರಿಸಿಬಿಟ್ಟರು.

ಉಣ್ರೀ ಮಾವಾರ. ತಡಿಯವಾ, ಮೆಹಬೂಬ ಬರ್ಲಿ. ಮೆಹಬೂಬ ಚಾಚಾ, ಅದೇ ಯಂತ್ರದ ಜೊತೆಗಾರ, ಈಗ ಹಿಂದಿನ ಓಣಿಯಲ್ಲಿ ಇವರಂತೆಯೇ ರಿಟೈರಾಗಿ ಕೂತವರು, ಅವರ್ಯಾಕ್ರೀ ಈಗ? ಇದು ಅಂವಂದಲ್ಲೇನ, ನನ್ನ ಡಬ್ಬಿ ಅಂವಾ ಉಣ್ಣಾಂವ, ಅಂವನ ಹೇಣ್ತಿ ರಹಿಮತಬಿ ಕಟ್ಟಿದ್ದು ನಾ ಉಣ್ಣಾಂವ, ಮೊದಲನೇ ದಿನದಿಂದ ಹಂಗ, ಇದರ ಕೊಂಡಿ ನಾ ಒಂದ ದಿನಾನೂ ಬಿಚ್ಚಿಲ್ಲ, ಇಕಿ ಕೈಯೂಟ ಮನ್ಯಾಗ ಹೆಂಗೂ ಇರತಿತ್ತಲ್ಲ — ಹವಾಮಾನ ಹೇಳಿದಂತೆ ಹೇಳಿದರು. ಅತ್ತೆಯ ಕೈಯಲ್ಲಿ ನೀರಿನ ತಂಬಿಗೆ ನಿಂತಿತು, ಏನಂದ್ರಿ? ಒಲಿ ಮುಂದ ಬೆಂದು ನಾ ಕಟ್ಟಿದ್ದು, ಮೂವತ್ತು ವರ್ಷ, ಮೆಹಬೂಬಗ? ಚಲೋ ಇರತೈತಿ ಅಂತಿದ್ದ ಬಿಡ, ಅಂದರು ಮಾವ. ನಲವತ್ತೆಂಟು. ಅತ್ತೆ ಡಬ್ಬಿ ಎತ್ತಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು, ಎಲ್ಲಿಗೆ, ಗಟಾರಕ್ಕೆ ಸುರಿಯಲಿಕ್ಕೋ, ಈಗ ಯಾರ ದನಿ ತೆಗೆಯಲಿ, ಯಾವ ಸೈರನ್ ಊದಲಿ, ಐವತ್ಮೂರು, ಮಾವನ ಮೇಲ್ದುಟಿಯ ಮೇಲೆ ಅದು ನೀರೋ ಬೆವರೋ, ಬಾಯಿ ತೆಗೀರಿ ಮಾವಾರ, ಬೆಲ್ಲ, ಏ ಸುಮ್ನ ಗಾಬ್ರಿ ಆಗಬ್ಯಾಡ, ಬೆರಳು ನಡುಗುತ್ತಿವೆಯಲ್ಲ, ಐವತ್ತಾರು, ಮುಷ್ಟಿ ಎತ್ತುವಷ್ಟರಲ್ಲಿ ಚಪ್ಪಲಿ ಸದ್ದು, ಅತ್ತೆಯ ಕೈಯಲ್ಲಿ ಬೇರೆ ಡಬ್ಬಿ, ನೆಗ್ಗಿದ್ದು, ಮಾವನ ಬೆರಳಿಗೆ ಕೊಂಡಿ ಸಿಗದೆ ಅತ್ತೆಯೇ ಬಿಚ್ಚಿದರು, ಟಕ್ — ಅನ್ನ, ಹುಳಿ ಹುಳಿ ದಾಲ್, ಅಷ್ಟೇ, ಹಿಂದಿನ ಓಣಿಯಲ್ಲಿ ರಹಿಮತಬಿ ಕಟ್ಟಿಕೊಟ್ಟ ದಿನದ ಊಟ, ಮಾವ ಒಂದು ತುತ್ತು, ಎರಡು, ಐದು, ಅದ ರುಚಿ ನೋಡ, ಅದ, ತಳ ಬಳಿದರು, ಬೆವರು ಆರಿತು. ಅತ್ತೆ ಗೋಡೆಗೊರಗಿ ಯಾರಿಗೂ ಅಲ್ಲದಂತೆ, ಅಲ್ಲಿ ಅಂವಾನೂ ಉಣ್ಣಾಕತ್ತಾನ, ಒಂದಗಳು ಬಿಡಂಗಿಲ್ಲ, ಎಂದರು. ಬದುಕಿತು ಬಡಜೀವ ಎಂದು ಸಹನಾ ಮುಷ್ಟಿ ಬಿಡಿಸಹೋದಳು, ಬೆರಳು ಬೆಲ್ಲಕ್ಕೆ ಅಂಟಿ ಬಿಡಲೊಲ್ಲವು, ಅಷ್ಟರಲ್ಲಿ ಮಾವ ಖಾಲಿ ಡಬ್ಬಿ ಮುಚ್ಚಿ ಕೊಂಡಿ ಹಾಕಿ, ಟಕ್, ಪಾಳಿ ಮುಗಿಸಿ ಬಂದವರಂತೆ ಅತ್ತೆಯತ್ತ ಚಾಚಿದರು, ತೊಳೆಯಲಿಕ್ಕೆ, ಅತ್ತೆಯ ಕೈ ಏಳಲಿಲ್ಲ, ಮಾವನ ಕೈ ಇಳಿಯಲಿಲ್ಲ, ನಡುವೆ ಡಬ್ಬಿ, ಖಾಲಿ, ಕೊಂಡಿ ಹಾಕಿದ್ದು, ಗಾಳಿಯಲ್ಲಿ.